ಮೆಷಿನ್ ಕೊಡಿಸೋಣವೋ, ನರ್ಸ್ ಸಂಬಳ ಕೊಡೋಣವೋ?

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯ ಹೆಸರಲ್ಲಿ ಊರಿನ ಟ್ರಸ್ಟ್ ಆಸ್ಪತ್ರೆಗೆ ಹಣ ಕೊಡಬೇಕೆಂದಿದ್ದೇವೆ. ಅಲ್ಲಿಗೆ ಬೆಂಗಳೂರಿನಿಂದ ತಿಂಗಳಿಗೆ ಎರಡು ಸಲ ಕೀಲುವಾತದ ಡಾಕ್ಟರು ಬರುತ್ತಾರೆ. ಆ ರೋಗಿಗಳಿಗೆಂದೇ ಒಬ್ಬ ನರ್ಸ್‌ಗೆ ತರಬೇತಿ ಕೊಟ್ಟು ಇಟ್ಟುಕೊಳ್ಳುತ್ತೇವೆ, ಮೂರು ವರ್ಷದ ಸಂಬಳ ಕೊಡಿ ಎನ್ನುತ್ತಿದ್ದಾರೆ. ಮನೆಯಲ್ಲಿ ಎಲ್ಲರೂ ‘ಮೆಷಿನ್ ಕೊಡಿಸೋಣ, ಹೆಸರಾದ್ರೂ ಉಳಿಯುತ್ತೆ’ ಅಂತಾರೆ. ಏನು ಮಾಡಲಿ ಡಾಕ್ಟ್ರೇ?
– ಓದುಗರು, ತಿಪಟೂರು

ಉತ್ತರ: ನರ್ಸ್‌ಗೇ ಕೊಡಿ. ಯಾಕೆ ಅಂತ ಹೇಳುತ್ತೇನೆ.

ಹೂ ಕಟ್ಟಿ ಮಾರುವ ಒಬ್ಬ ತಾಯಿ ನನ್ನ ಹತ್ತಿರ ಬರುತ್ತಿದ್ದರು. ರುಮಟಾಯ್ಡ್ ಸಂಧಿವಾತ, ಅಂದ್ರೆ ಕೀಲುಗಳು ಊದಿ, ನೋಯುವ ಕಾಯಿಲೆ. ಬೆಳಗ್ಗೆ ಎದ್ದರೆ ಒಂದೂವರೆ ಗಂಟೆ ಬೆರಳು ಮಡಚಲು ಆಗುತ್ತಿರಲಿಲ್ಲ, ದಾರ ಹಿಡಿಯುವುದಂತೂ ದೂರದ ಮಾತು. ಮೆಥೊಟ್ರೆಕ್ಸೇಟ್ ಬರೆದುಕೊಟ್ಟೆ. ಅದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ಹೊರಗೆ ದೊಡ್ಡ ಸಾಲಿತ್ತು, ಬಾಯಲ್ಲಿ ಒಂದು ಸಲ ಹೇಳಿ ಕಳಿಸಿದೆ. ಮೂರನೇ ವಾರ ಬಂದಾಗ ಬಾಯಿ ತುಂಬಾ ಹುಣ್ಣು, ಗಂಜಿಯೂ ಇಳಿಯುತ್ತಿಲ್ಲ. ಪಾಪ, ದಿನಾ ನುಂಗಿದ್ದರು. ರಕ್ತಕಣಗಳು ಕುಸಿದಿದ್ದವು. ಅಡ್ಮಿಟ್ ಮಾಡಿ, ಹನ್ನೊಂದು ದಿನ ಕಾದು ಉಳಿಸಿಕೊಂಡೆವು. ಅವರು ದಡ್ಡರಲ್ಲ. ಕೂರಿಸಿಕೊಂಡು ಹೇಳುವವರು ಇರಲಿಲ್ಲ, ಅಷ್ಟೇ.

ಆಮೇಲೆ ನಮ್ಮ ವಿಭಾಗಕ್ಕೆ ಒಬ್ಬ ಸಿಸ್ಟರ್ ಬಂದರು. ಅವರು ಮಾತ್ರೆಯ ಸ್ಟ್ರಿಪ್ ಮೇಲೆಯೇ ಮಾರ್ಕರ್‌ನಲ್ಲಿ ‘ಭಾನುವಾರ ಮಾತ್ರ’ ಎಂದು ಬರೆಯುತ್ತಾರೆ. ಅಡ್ಡ ಪರಿಣಾಮ ತಗ್ಗಿಸಲು ಜೊತೆಗೆ ಕೊಡುವ ಫೋಲಿಕ್ ಆ್ಯಸಿಡ್ ವಿಟಮಿನ್‌ಗೆ ಬೇರೆ ದಿನ, ಬೇರೆ ಡಬ್ಬಿ. ‘ಈಗ ನೀವು ನನಗೆ ಹೇಳಿ’ ಎಂದು ರೋಗಿಯ ಬಾಯಲ್ಲೇ ಹೇಳಿಸುತ್ತಾರೆ. ಶುರುವಿನಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಬೇಕು. ಬಾರದಿದ್ದರೆ ಫೋನ್ ಮಾಡುತ್ತಾರೆ. 28 ಕೀಲುಗಳನ್ನು ಒತ್ತಿ ನೋಡಿ, ನೋವು ಎಷ್ಟರಲ್ಲಿ, ಊತ ಎಷ್ಟರಲ್ಲಿ ಅಂತ ಬರೆದಿಡುತ್ತಾರೆ. ಮದುವೆಯಾದ ಹುಡುಗಿಯರನ್ನು ಬಾಗಿಲು ಮುಚ್ಚಿ ಕೂರಿಸಿ, ಮಗು ಬೇಕೆಂದಿದ್ದೀರಾ ಎಂದು ಕೇಳುತ್ತಾರೆ. ಯಾಕಂದ್ರೆ ಈ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ ಬಿಟ್ಟಿರಬೇಕು. ನನ್ನ ಎದುರು ಆ ಹುಡುಗಿಯರು ಬಾಯಿ ಬಿಡುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಸ್ಟೀರಾಯ್ಡ್ ತಗೊಂಡು ನುಂಗುವವರೂ ಅಷ್ಟೇ, ಸಿಸ್ಟರ್ ಹತ್ತಿರ ಒಪ್ಪಿಕೊಳ್ಳುತ್ತಾರೆ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಯೂಲಾರ್ 2012ರಲ್ಲೇ ಇಂಥ ನರ್ಸ್‌ಗಳ ಕೆಲಸದ ಬಗ್ಗೆ ಶಿಫಾರಸು ಮಾಡಿತು, 2018ರಲ್ಲಿ ಪರಿಷ್ಕರಿಸಿತು. ಈ ಕಾಯಿಲೆಯಲ್ಲಿ ಕೀಲಿನ ಮೂಳೆ ಸವೆಯುವುದು ಮೊದಲ ಒಂದೆರಡು ವರ್ಷದಲ್ಲೇ ಶುರುವಾಗಬಹುದು. ಡಾಕ್ಟರು ಬರುವುದು ತಿಂಗಳಿಗೆ ಎರಡು ದಿನ. ಉಳಿದ ದಿನ ಜ್ವರ ಬಂದರೆ, ಕೆಮ್ಮು ಬಂದರೆ, ಮಾತ್ರೆ ತೆಗೆದುಕೊಳ್ಳಲೋ ಬಿಡಲೋ ಎಂದು ಯಾರನ್ನು ಕೇಳಬೇಕು?

ಆದರೆ ಸುಮ್ಮನೆ ಚೆಕ್ ಬರೆದುಕೊಡಬೇಡಿ. ಆ ನರ್ಸ್ ಕೆಲವು ತಿಂಗಳಾದರೂ ತಜ್ಞರ ಜೊತೆ ಕೂತು ಕಲಿಯಬೇಕು. ಆಮೇಲೆ ಅವರನ್ನು ಬೇರೆ ವಾರ್ಡಿಗೆ ಹಾಕುವುದಿಲ್ಲ ಎಂದು ಬರೆಸಿಕೊಳ್ಳಿ. ನಮ್ಮ ಕಡೆ ಆಗುವ ತಪ್ಪೇ ಇದು: ಕಲಿಸುತ್ತಾರೆ, ಆರು ತಿಂಗಳಿಗೆ ಹೆರಿಗೆ ವಾರ್ಡಿಗೆ ಕಳಿಸುತ್ತಾರೆ. ಬಾಗಿಲಿರುವ ಒಂದು ಕೋಣೆ, ಒಂದು ಫೋನ್, ಇವೆರಡೂ ಬೇಕೇ ಬೇಕು.

ಹೆಸರಿನ ಚಿಂತೆ ಬೇಡ. ರೋಗಿಗಳಿಗೆ ಕೊಡುವ ಮಾತ್ರೆ-ರಕ್ತ ಪರೀಕ್ಷೆಯ ಕಾರ್ಡಿನ ಮೇಲೆ, ಆ ಫೋನ್ ನಂಬರಿನ ಕೆಳಗೆ, ನಿಮ್ಮ ತಂದೆಯ ಹೆಸರು ಹಾಕಿಸಿ. ಹೂವಿನ ತಾಯಿ ತಮ್ಮ ಕಾರ್ಡನ್ನು ಇವತ್ತಿಗೂ ದುಡ್ಡಿನ ಚೀಲದಲ್ಲೇ ಇಟ್ಟುಕೊಂಡಿದ್ದಾರೆ.