ಕೂರೋ ಕೆಲಸ ಸಿಕ್ಕ ಮೇಲೆ

ರಾಜಣ್ಣ ಎಂದು ಕರೆಯೋಣ. ಹೆಸರು, ಗುರುತು ಎರಡನ್ನೂ ಬದಲಿಸಿದ್ದೇನೆ. ವಯಸ್ಸು 48. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಸ್ ಕಂಡಕ್ಟರ್ ಆಗಿದ್ದವರು. ಮಂಡಿ ನೋವು ಶುರುವಾದ ಮೇಲೆ ಡಿಪೋದಲ್ಲಿ ಟೇಬಲ್ ಕೆಲಸ ಸಿಕ್ಕಿತು. ಎರಡೇ ವರ್ಷದಲ್ಲಿ ಹೊಟ್ಟೆ ಬಂತು, ಶುಗರ್ ಗಡಿಗೆ ಬಂತು, ನಿದ್ದೆ ಕೆಟ್ಟಿತು. ಮನೆಯಲ್ಲಿ ಬರೀ ಸಿಡುಕು. ಡಾಕ್ಟರು ವಾಕಿಂಗ್ ಮಾಡಿ ಎಂದರು. ಹೆಂಡತಿ ದಿನಾ ಅದನ್ನೇ ಹೇಳಿ ಸಾಕಾಗಿ ನನ್ನ ಹತ್ತಿರ ಕರೆತಂದರು.

“ಮೇಡಂ, ಅಷ್ಟು ವರ್ಷ ನಿಂತ್ಕೊಂಡೇ ದುಡಿದೆ. ಈಗ ಕೂತರೂ ತಪ್ಪಾ?” ಎಂದು ಕೇಳಿದರು.

ಇದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸಾಗಲಿಲ್ಲ. ನಮ್ಮಲ್ಲಿ ಕುರ್ಚಿ ಎಂದರೆ ಮರ್ಯಾದೆ, ಅಲ್ವಾ? ಇವರು ವ್ಯಾಯಾಮ ಬಿಟ್ಟವರೂ ಅಲ್ಲ, ಯಾವತ್ತೂ ಮಾಡಿದ್ದೇ ಇಲ್ಲ. ಓಡಾಟ ಕೆಲಸದೊಳಗೇ ಇತ್ತು, ಕೆಲಸದ ಜೊತೆಗೇ ಹೋಯಿತು. ನಡುವಯಸ್ಸಿನಲ್ಲಿ ಬಹಳ ಜನರಿಗೆ ಹೀಗಾಗುತ್ತದೆ, ಗೊತ್ತೇ ಆಗುವುದಿಲ್ಲ.

ಲಂಡನ್ ಬಸ್ಸುಗಳ ವಿಷಯ ಹೇಳಿದೆ. ಜೆರ್ರಿ ಮಾರಿಸ್ ಎಂಬ ವೈದ್ಯರ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ಡಬಲ್ ಡೆಕ್ಕರ್‌ನಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರ್‌ಗಳಿಗಿಂತ, ಕೂತು ಓಡಿಸುವ ಡ್ರೈವರ್‌ಗಳಿಗೆ ಹೃದಯದ ಕಾಯಿಲೆ ಜಾಸ್ತಿ ಇತ್ತು. ರಾಜಣ್ಣ ನಕ್ಕರು. “ಹಾಗಾದ್ರೆ ನಾನೀಗ ಡ್ರೈವರ್ ಸೀಟಲ್ಲಿದ್ದೀನಿ!”

ವಾಕಿಂಗ್ ಮಾತು ಆಮೇಲೆ ಎಂದೆ. ಮೊದಲು ಒಂದು ವಾರ, ಕಂಡಕ್ಟರ್‌ಗಳು ಟಿಕೆಟ್ ಲೆಕ್ಕದ ವೇ ಬಿಲ್ ಬರೆದ ಹಾಗೆ, ಎಷ್ಟು ಹೊತ್ತು ಕೂತಿರಿ ಎಂದು ಬರೆಯಿರಿ. ಆಫೀಸು, ಬೈಕು, ಟಿವಿ, ಮೊಬೈಲು ಎಲ್ಲ ಕೂಡಿದರೆ ದಿನಕ್ಕೆ 11 ಗಂಟೆ! ಅವರೇ ಎರಡು ಸಲ ಕೂಡಿ ನೋಡಿದರಂತೆ.

ಆಮೇಲೆ ಹೇಳಿದ್ದಿಷ್ಟು: ಫೋನ್ ಬಂದರೆ ಎದ್ದು ಮಾತಾಡಿ. ಫೈಲ್ ಕೊಡಲು ಯಾರನ್ನೂ ಕರೆಯಬೇಡಿ, ನೀವೇ ಹೋಗಿ. ರಾತ್ರಿ ಊಟವಾದ ಮೇಲೆ ಸ್ವಲ್ಪ ಓಡಾಡಿ. ವಾರಕ್ಕೆ 150ರಿಂದ 300 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕು ಎಂಬ ಹಳೆಯ ಷರತ್ತು 2020ರ ಸಲಹೆಯಲ್ಲಿ ಇಲ್ಲ. ಚೂರುಪಾರು ನಡೆದರೂ ಲೆಕ್ಕಕ್ಕಿದೆ. ಮಂಡಿಯನ್ನು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಅವರು ಹೇಳಿಕೊಟ್ಟ ತೊಡೆಯ ವ್ಯಾಯಾಮವನ್ನು ವಾರಕ್ಕೆ ಎರಡು ದಿನವಾದರೂ ಮಾಡಿ.

ಹೆಂಡತಿಗೂ ಎರಡು ಮಾತು ಹೇಳಿದೆ. “ವಾಕಿಂಗ್ ಹೋಗಿ” ಅನ್ನುವುದನ್ನು ಒಂದು ತಿಂಗಳು ನಿಲ್ಲಿಸಿ. ಕಾಫಿಯನ್ನು ಸೋಫಾಗೆ ತಂದುಕೊಡುವುದನ್ನೂ ನಿಲ್ಲಿಸಿ. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ “ಅದು ಹೇಗಾಗತ್ತೆ ಮೇಡಂ?” ಎಂದರು.

ಆರು ವಾರದ ನಂತರ ಮತ್ತೆ ಬಂದರು. ಫೈಲ್ ತಾವೇ ಒಯ್ಯುತ್ತಾರೆ. ರಾತ್ರಿ ಬಸ್ ಸ್ಟ್ಯಾಂಡಿನವರೆಗೆ ನಡೆದು ಹಳೆಯ ದೋಸ್ತಿಗಳ ಜೊತೆ ಹರಟಿ ಬರುತ್ತಾರೆ. ನಿದ್ದೆ ಪರವಾಗಿಲ್ಲ. ಎದ್ದು ನಿಂತು ಫೋನ್ ಮಾತಾಡುವುದು ಮಾತ್ರ ಆಗಲಿಲ್ಲ. ಸಾಹೇಬರಿಗೆ ಹೆದರಿ ನಿಂತಿದ್ದಾನೆ ಅಂತ ಪಕ್ಕದ ಟೇಬಲ್‌ನವರು ಆಡಿಕೊಳ್ಳುತ್ತಾರಂತೆ. ಅದನ್ನು ಬಿಟ್ಟುಬಿಡಿ ಎಂದೆ.