ಮೂರು ಪೆಡಲ್, ಒಂದೂವರೆ ಕೋಟಿ ಕಾರು

ಪತ್ರ: “ಹಳೆ ಕಾರುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ, ಫೋರ್ಡ್ ಕಂಪನಿಯ ಮಾಡೆಲ್ ಟಿ ಯಾರು ಬೇಕಾದರೂ ಓಡಿಸಬಹುದಾದ ಕಾರಾಗಿತ್ತು ಎಂದಿದ್ದೀರಿ. ಆದರೆ ಅದಕ್ಕೆ ಮೂರು ಪೆಡಲ್ ಇದ್ದೂ ಆಕ್ಸಿಲರೇಟರ್ ಇರಲಿಲ್ಲ, ಏರು ಹತ್ತಲು ರಿವರ್ಸಿನಲ್ಲಿ ಹೋಗಬೇಕಿತ್ತು ಎಂದು ಕೇಳಿದ್ದೇನೆ. ಅಂಥದ್ದು ಒಂದೂವರೆ ಕೋಟಿ ಮಾರಾಟವಾದದ್ದು ಹೇಗೆ? ಬರೀ ಅಗ್ಗ ಅಂತಲೇ? ಕಪ್ಪು ಬಣ್ಣ ಒಂದೇ ಯಾಕೆ? ಪರಿಚಯದವರ ತೋಟದ ಮನೆಯಲ್ಲಿ ಒಂದು ಟಿ ಬಹಳ ವರ್ಷಗಳಿಂದ ನಿಂತಿದೆ. ಚಾಲೂ ಮಾಡಿಸುವ ಆಸೆ ಅವರಿಗೆ. ಏನೇನು ನೋಡಬೇಕು?”
– ಹಾಸನದ ಓದುಗರೊಬ್ಬರು

ಸಂಪಾದಕರ ಉತ್ತರ:

ನೀವು ಕೇಳಿದ್ದು ಎರಡೂ ನಿಜ. ಆಕ್ಸಿಲರೇಟರ್ ಪೆಡಲ್ ಇರಲಿಲ್ಲ, ಕಡಿದಾದ ಏರಿನಲ್ಲಿ ರಿವರ್ಸ್ ಹಾಕುವುದೂ ಇತ್ತು. ಆದರೂ ನಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಟಿ ವಿಚಿತ್ರ ಅನ್ನಿಸುವುದು ಇವತ್ತಿನ ಕಾರು ಓಡಿಸಿ ರೂಢಿಯಾದವರಿಗೆ. ಅದನ್ನು ಕೊಂಡ ಅಮೆರಿಕದ ರೈತನಿಗೆ ಕುದುರೆ ಗಾಡಿ ಬಿಟ್ಟರೆ ಬೇರೆ ಗೊತ್ತಿರಲಿಲ್ಲ, ಆದ್ದರಿಂದ ಮರೆಯಬೇಕಾದದ್ದೂ ಏನೂ ಇರಲಿಲ್ಲ.

ಮೊದಲು ಪೆಡಲ್ ವಿಚಾರ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಲೋ ಗೇರ್, ಅರ್ಧಕ್ಕೆ ಹಿಡಿದರೆ ನ್ಯೂಟ್ರಲ್, ಕಾಲು ತೆಗೆದರೆ ಹೈ ಗೇರ್. ನಡುವಿನದು ರಿವರ್ಸ್, ಬಲಗಡೆಯದು ಬ್ರೇಕ್. ಇವಲ್ಲದೆ ನೆಲದಿಂದ ಎದ್ದ ಉದ್ದನೆಯ ಲಿವರ್ ಒಂದಿದೆ. ಅದನ್ನು ಹಿಂದಕ್ಕೆ ಎಳೆದರೆ ಹಿಂದಿನ ಚಕ್ರಗಳಿಗೆ ಬ್ರೇಕ್ ಬಿದ್ದು ಕ್ಲಚ್ಚೂ ಬಿಡುತ್ತದೆ. ನೆಟ್ಟಗೆ ನಿಲ್ಲಿಸಿದರೆ ಬ್ರೇಕ್ ಸಡಿಲಾಗಿ ನ್ಯೂಟ್ರಲ್ ಉಳಿಯುತ್ತದೆ, ಮುಂದಕ್ಕೆ ತಳ್ಳಿದರೆ ಮಾತ್ರ ಹೈ ಗೇರ್ ಸಿಗುತ್ತದೆ. ಸ್ಟೇರಿಂಗ್ ಕೆಳಗೆ ಎರಡು ಕಡ್ಡಿಗಳಿವೆ. ಬಲಗಡೆಯದು ವೇಗ ಏರಿಸುವ ಥ್ರಾಟಲ್, ಎಡಗಡೆಯದು ಸ್ಪಾರ್ಕ್ ಬೇಗ ಬೀಳಬೇಕೋ ತಡವಾಗಿ ಬೀಳಬೇಕೋ ಎಂದು ಹೊಂದಿಸುವುದು. ಇವತ್ತಿನ ಡ್ರೈವರ್ ಇದರಲ್ಲಿ ಕೂತರೆ ಒಂದು ಅಪಾಯ ಖಾತ್ರಿ. ಗಾಬರಿಯಾದಾಗ ಕ್ಲಚ್ ಅಂದುಕೊಂಡು ಎಡಗಾಲು ಪೂರ್ತಿ ಒತ್ತುತ್ತಾನೆ. ಕಾರು ನಿಲ್ಲುವ ಬದಲು ಲೋ ಗೇರಿನಲ್ಲಿ ಮುಂದಕ್ಕೆ ನುಗ್ಗುತ್ತದೆ.

ಈ ಏರ್ಪಾಡು ಯಾಕೆ ಬೇಕಿತ್ತು? ಆಗಿನ ಹೆಚ್ಚಿನ ಕಾರುಗಳಲ್ಲಿ ಹಲ್ಲುಚಕ್ರವನ್ನು ಸರಿಸಿ ಇನ್ನೊಂದಕ್ಕೆ ಕಚ್ಚಿಸುವ ಗೇರ್ ಬಾಕ್ಸ್ ಇರುತ್ತಿತ್ತು. ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಬರಲು ಇನ್ನೂ ಇಪ್ಪತ್ತು ವರ್ಷವಿತ್ತು. ಎಂಜಿನ್ನಿನ ವೇಗ ನೋಡಿ ಸರಿಯಾದ ಕ್ಷಣಕ್ಕೆ ಗೇರ್ ಹಾಕದಿದ್ದರೆ ಹಲ್ಲು ಕಿತ್ತುಬರುತ್ತಿತ್ತು. ಟಿಯ ಎಪಿಸೈಕ್ಲಿಕ್ ಗೇರಿನಲ್ಲಿ (ಒಂದು ಗೇರಿನ ಸುತ್ತ ಪುಟ್ಟ ಗೇರುಗಳು ತಿರುಗುವ ಏರ್ಪಾಡು) ಹಲ್ಲುಗಳು ಸದಾ ಕಚ್ಚಿಕೊಂಡೇ ಇರುತ್ತವೆ. ಪೆಡಲ್ ಒತ್ತಿದರೆ, ಒಳಮೈಗೆ ಹತ್ತಿಯ ಪಟ್ಟಿ ಹಾಕಿದ ಉಕ್ಕಿನ ಬ್ಯಾಂಡೊಂದು ಡ್ರಮ್ಮನ್ನು ಬಿಗಿಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಎಷ್ಟೇ ಒರಟಾಗಿ ಒತ್ತಿದರೂ ಹಲ್ಲು ಮುರಿಯುವುದಿಲ್ಲ, ಬ್ಯಾಂಡ್ ಸವೆಯುತ್ತದೆ. ಕೆಸರಿನಲ್ಲಿ ಸಿಕ್ಕಿಕೊಂಡಾಗ ಇದರ ಗುಣ ಗೊತ್ತಾಗುತ್ತಿತ್ತು. ಎಡಗಡೆಯದನ್ನೂ ನಡುವಿನದನ್ನೂ ಒಂದಾದ ಮೇಲೊಂದು ಒತ್ತುತ್ತಿದ್ದರೆ ಕಾರು ಹಿಂದಕ್ಕೂ ಮುಂದಕ್ಕೂ ತೂಗಿ ತಾನೇ ಹೊರಬರುತ್ತಿತ್ತು. ಇಳಿಜಾರಿನಲ್ಲಿ ಬ್ರೇಕ್ ಬ್ಯಾಂಡ್ ಕಾದರೆ ರಿವರ್ಸ್ ಪೆಡಲನ್ನೇ ಬ್ರೇಕಿನಂತೆ ಒತ್ತುವ ಚಾಲಕರೂ ಇದ್ದರು.

ಇನ್ನು ರಿವರ್ಸಿನಲ್ಲಿ ಏರು ಹತ್ತುವುದು. ಸುಮಾರು 38 ಲೀಟರಿನ ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟಿನ ಕೆಳಗೆ. ಪಂಪ್ ಇಲ್ಲ, ಪೆಟ್ರೋಲ್ ತಾನಾಗಿ ಹರಿದು ಕಾರ್ಬೊರೇಟರಿಗೆ ಇಳಿಯಬೇಕು. ಟ್ಯಾಂಕ್ ಅರೆ ಖಾಲಿಯಿದ್ದು ಮೂತಿ ಮೇಲಾದರೆ ಕಾರ್ಬೊರೇಟರೇ ಎತ್ತರವಾಗಿ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ತಿರುಗಿಸಿ ಹಿಂದುಹಿಂದಾಗಿ ಹತ್ತಿಸಿದರೆ ಆ ತೊಂದರೆಯಿಲ್ಲ. ಇದು ಎಲ್ಲರೂ ಹೇಳುವ ಕಾರಣ. ಇನ್ನೊಂದನ್ನು ಕಡಿಮೆ ಜನ ಹೇಳುತ್ತಾರೆ: ಲೋ ಗೇರಿನ ಅನುಪಾತ 2.75, ರಿವರ್ಸಿನದು 4. ಹಿಂದಿನ ಆಕ್ಸಲಿನ 3.64 ಸೇರಿಸಿ ಗುಣಿಸಿದರೆ ಲೋನಲ್ಲಿ ಚಕ್ರ ಒಂದು ಸುತ್ತಿಗೆ ಎಂಜಿನ್ 10 ಸುತ್ತು, ರಿವರ್ಸಿನಲ್ಲಿ ಹದಿನಾಲ್ಕೂವರೆ. ಅಂದರೆ ಟ್ಯಾಂಕ್ ತುಂಬಿದ್ದರೂ ಎಳೆತ ರಿವರ್ಸಿನಲ್ಲೇ ಹೆಚ್ಚು.

‘ಬರೀ ಅಗ್ಗ ಅಂತಲೇ?’ ಎಂದು ಕೇಳಿದ್ದೀರಿ. ಶುರುವಿನಲ್ಲಿ ಅದು ಅಗ್ಗವಾಗಿರಲೇ ಇಲ್ಲ. ಹೆನ್ರಿ ಫೋರ್ಡ್ 1903ರ ಜೂನ್‌ನಲ್ಲಿ ಡೆಟ್ರಾಯಿಟಿನಲ್ಲಿ ಕಂಪನಿ ಕಟ್ಟುವ ಮೊದಲೇ ಎರಡು ಕಂಪನಿಗಳಿಂದ ಹೊರಬಿದ್ದಿದ್ದ. ಅದರಲ್ಲಿ ಎರಡನೆಯದೇ ಮುಂದೆ ಕ್ಯಾಡಿಲ್ಯಾಕ್ ಆಯಿತು. ಹೊಸ ಕಂಪನಿಯ ಕಾರುಗಳಿಗೆ ಎ ಯಿಂದ ಶುರುಮಾಡಿ ಅಕ್ಷರಗಳ ಹೆಸರಿಟ್ಟರು. ಕೆಲವು ಅಕ್ಷರಗಳ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. ಆರು ಸಿಲಿಂಡರಿನ ದುಬಾರಿ ಕೆ ಬಂತು, ಅಗ್ಗದ ಎನ್ ಬಂತು. ದುಡ್ಡು ತಂದದ್ದು ಎನ್. ಟಿ ಬಂದದ್ದು 1908ರ ಅಕ್ಟೋಬರ್ 1ರಂದು, ತೆರೆದ ಮೈಯ ಟೂರಿಂಗ್ ಮಾದರಿಗೆ 850 ಡಾಲರ್ ಬೆಲೆಯಲ್ಲಿ. ಅದು ಎನ್‌ಗಿಂತ ಹೆಚ್ಚಿನ ಬೆಲೆ. ಆ ದುಡ್ಡಿಗೆ ಸಿಕ್ಕಿದ್ದೇನು ಎಂಬುದೇ ಮುಖ್ಯ.

ಪಿಕೆಟ್ ಅವೆನ್ಯೂ ಕಾರ್ಖಾನೆಯ ಮೂರನೆಯ ಮಹಡಿಯ ಒಂದು ಕೋಣೆಯಲ್ಲಿ ಚೈಲ್ಡ್ ಹೆರಾಲ್ಡ್ ವಿಲ್ಸ್, ಜೋಸೆಫ್ ಗಲಾಂಬ್ ಮೊದಲಾದವರು ಇದನ್ನು ರೂಪಿಸಿದರು. ಹೊರೆ ಬೀಳುವ ಕಡೆ ವೆನೇಡಿಯಂ ಉಕ್ಕು ಬಳಸಿದ್ದರಿಂದ ಭಾಗಗಳನ್ನು ತೆಳುವಾಗಿ ಮಾಡಿಯೂ ಗಟ್ಟಿಯಾಗಿಡಲು ಸಾಧ್ಯವಾಯಿತು. ಇಡೀ ಕಾರಿನ ತೂಕ ಸುಮಾರು 540 ಕಿಲೋ. ಮುಂದೊಂದು, ಹಿಂದೊಂದು, ಅಡ್ಡಲಾಗಿ ಹಾಕಿದ ಎರಡೇ ಪಟ್ಟಿ ಸ್ಪ್ರಿಂಗ್. ಎಂಜಿನ್ ಚಾಸಿಗೆ ಕೂತದ್ದು ಮೂರು ಬಿಂದುಗಳಲ್ಲಿ ಮಾತ್ರ. ಹೀಗಾಗಿ ಒಂದು ಚಕ್ರ ಹಳ್ಳಕ್ಕಿಳಿದು ಇನ್ನೊಂದು ದಿಣ್ಣೆ ಹತ್ತಿ ಚಾಸಿ ತಿರುಚಿಕೊಂಡರೂ ಆ ತಿರುಚು ಎಂಜಿನ್ನಿಗೆ ತಟ್ಟುತ್ತಿರಲಿಲ್ಲ. 2.9 ಲೀಟರಿನ ಆ ಎಂಜಿನ್ 20 ಅಶ್ವಶಕ್ತಿಯದು. ನಾಲ್ಕೂ ಸಿಲಿಂಡರ್ ಒಂದೇ ಎರಕ, ಮೇಲಿನ ಹೆಡ್ ಬೋಲ್ಟ್ ಬಿಚ್ಚಿ ತೆಗೆಯುವಂಥದ್ದು. ವಾಲ್ವ್ ಉಜ್ಜಿ ಕೂರಿಸುವುದನ್ನು ರೈತ ತನ್ನ ಕೊಟ್ಟಿಗೆಯಲ್ಲೇ ಮಾಡಿಕೊಳ್ಳಬಹುದಿತ್ತು. ಇದೇ ದೊಡ್ಡ ಸಂಗತಿ ಎಂದು ನಮ್ಮ ಎಣಿಕೆ.

ಬೆಲೆ ಇಳಿದದ್ದು ಆಮೇಲೆ, ವಿನ್ಯಾಸ ಬದಲಿಸುವುದಿಲ್ಲ ಎಂದು ಹಟ ಹಿಡಿದದ್ದರಿಂದ. ಹತ್ತು ಬಗೆಯ ಕಾರು ಮಾಡುವವನು ಒಂದೇ ತೂತು ಕೊರೆಯುವ ಯಂತ್ರಕ್ಕೆ ದುಡ್ಡು ಸುರಿಯಲಾರ. ಒಂದೇ ಬಗೆ ಮಾಡುವವನು ಸುರಿಯಬಹುದು. 1910ರಲ್ಲಿ ಆಲ್ಬರ್ಟ್ ಕಾನ್ ವಿನ್ಯಾಸದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ ತೆರೆಯಿತು. ಚಲಿಸುವ ಜೋಡಣೆ ಸಾಲಿನ ಮೊದಲ ಪ್ರಯೋಗ ನಡೆದದ್ದು ಇಡೀ ಕಾರಿನ ಮೇಲಲ್ಲ, ಸ್ಪಾರ್ಕಿಗೆ ವಿದ್ಯುತ್ ಕೊಡುವ, ಫ್ಲೈವೀಲಿನ ಮ್ಯಾಗ್ನೆಟೊ ಮೇಲೆ, 1913ರ ಏಪ್ರಿಲ್‌ನಲ್ಲಿ. ಫ್ಲೈವೀಲಿಗೆ 16 ಆಯಸ್ಕಾಂತ ಬಿಗಿಯುವ ಆ ಕೆಲಸಕ್ಕೆ ಒಬ್ಬನಿಗೆ 20 ನಿಮಿಷ ಹಿಡಿಯುತ್ತಿತ್ತು. ಕೆಲಸವನ್ನು 29 ತುಂಡು ಮಾಡಿ ಸಾಲಾಗಿ ನಿಂತವರಿಗೆ ಹಂಚಿದರು. ಒಬ್ಬ ಎರಡು ಬೋಲ್ಟ್ ತೂರಿಸಿ ಮುಂದಕ್ಕೆ ತಳ್ಳುವುದು, ಇನ್ನೊಬ್ಬ ನಟ್ ತಿರುಗಿಸುವುದು, ಹೀಗೆ. ಹೊತ್ತು 13 ನಿಮಿಷ 10 ಸೆಕೆಂಡಿಗೆ ಇಳಿಯಿತು. ಜನ ಬಗ್ಗಿ ಬಗ್ಗಿ ಸುಸ್ತಾಗುತ್ತಿದ್ದರು. ಸಾಲನ್ನು 8 ಅಂಗುಲ ಎತ್ತರಿಸಿದಾಗ 7 ನಿಮಿಷವಾಯಿತು, ವೇಗ ಹೊಂದಿಸಿದ ಮೇಲೆ 5. ಚಾಸಿಯದೂ ಇದೇ ಕತೆ. ನಿಂತಲ್ಲೇ ಜೋಡಿಸುವಾಗ 12 ಗಂಟೆ 28 ನಿಮಿಷ ಬೇಕಿತ್ತು. ಹಗ್ಗ ಕಟ್ಟಿ ಎಳೆಯುತ್ತಾ ಜೋಡಿಸಿದಾಗ 5 ಗಂಟೆ 50 ನಿಮಿಷಕ್ಕೆ ಬಂತು, 1914ರಲ್ಲಿ ಸರಪಳಿ ಸಾಲಿನಲ್ಲಿ 1 ಗಂಟೆ 33 ನಿಮಿಷಕ್ಕೆ.

ಅಲ್ಲಿ ಕೆಲಸ ಮಾಡುವುದು ಯಾರಿಗೂ ಬೇಡವಾಯಿತು, ಅದನ್ನೂ ಹೇಳಬೇಕು. 1913ರಲ್ಲಿ ಕಾರ್ಮಿಕರು ಬಿಟ್ಟು ಹೋಗುವ ಪ್ರಮಾಣ ಶೇ 370. ಒಂದು ಜಾಗ ತುಂಬಿಡಲು ವರ್ಷಕ್ಕೆ ಮೂರ್ನಾಲ್ಕು ಜನರನ್ನು ಸೇರಿಸಿಕೊಳ್ಳಬೇಕು. 1914ರ ಜನವರಿ 5ರಂದು ಸಾರಿದ ದಿನಕ್ಕೆ ಐದು ಡಾಲರ್ ಸಂಬಳ ಇದಕ್ಕೆ ಮದ್ದೇ ಹೊರತು ದಾನವಲ್ಲ. ಅದರಲ್ಲೂ ಸುಮಾರು ಅರ್ಧ ‘ಲಾಭದ ಪಾಲು’. ಕಂಪನಿಯವರು ಮನೆಗೇ ಬಂದು ಕುಡಿತ, ಉಳಿತಾಯ, ಸಂಸಾರ ಎಲ್ಲವನ್ನೂ ವಿಚಾರಿಸಿ ಒಪ್ಪಿದರಷ್ಟೇ ಸಿಗುತ್ತಿತ್ತು. ಟೂರಿಂಗ್ ಕಾರಿನ ಬೆಲೆ 1916ರಲ್ಲಿ 360 ಡಾಲರಿಗೆ, 1924ರ ಕೊನೆಗೆ 290ಕ್ಕೆ ಇಳಿಯಿತು.

ಕಪ್ಪು ಬಣ್ಣದ ಕತೆ ಚಿಕ್ಕದು. ಮೊದಲ ವರ್ಷಗಳಲ್ಲಿ ಕೆಂಪು, ಬೂದು, ಹಸಿರು, ನೀಲಿ ಎಲ್ಲವೂ ಇದ್ದವು. ಕಪ್ಪು ಮಾತ್ರ ಎಂದಾದದ್ದು 1914ರಿಂದ 1925ರವರೆಗೆ. ಕಪ್ಪು ಎನಾಮಲ್ ಅಗ್ಗ, ಬಾಳಿಕೆ ಬರುತ್ತಿತ್ತು, ಓವನಿನಲ್ಲಿ ಸುಡಬಹುದಿತ್ತು. 1926ರ ಮಾದರಿಗೆ ಮತ್ತೆ ಬಣ್ಣಗಳು ಬಂದವು, ಆಗ ತಡವಾಗಿತ್ತು. ಜನ ಮುಚ್ಚಿದ ಬಾಡಿ, ನಯವಾದ ಸವಾರಿ, ಕಂತಿನ ಸಾಲ ಕೇಳುತ್ತಿದ್ದರು, ಷೆವ್ರೊಲೆ ಅದನ್ನು ಕೊಟ್ಟಿತು. ಮುಚ್ಚಿದ ಬಾಡಿಯ ಭಾರ ಹೊರಲು ಟಿಯ 20 ಅಶ್ವಶಕ್ತಿ ಸಾಲದು. ಎಂಜಿನ್ ಬದಲಿಸೋಣವೆಂದರೆ ಒಂದೇ ಭಾಗಕ್ಕೆಂದು ಹಾಕಿದ ಸಾವಿರಾರು ಯಂತ್ರಗಳೇ ಅಡ್ಡ. ಬೆಲೆ ಇಳಿಸಿದ ಹಟವೇ ಕೈ ಕಟ್ಟಿತು. 1921ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಫೋರ್ಡ್. ಐದು ವರ್ಷಗಳಲ್ಲಿ ಅದು ಮೂರರಲ್ಲೊಂದರ ಆಸುಪಾಸಿಗೆ ಬಂತು. 1927ರ ಮೇ 26ರಂದು ಒಂದೂವರೆ ಕೋಟಿಯ ಟಿ ಸಾಲಿನಿಂದ ಇಳಿಯಿತು. ಹೊಸ ಮಾಡೆಲ್ ಎ ಡಿಸೆಂಬರಿನವರೆಗೂ ಬರಲಿಲ್ಲ. ಅದರಲ್ಲಿ ಎಲ್ಲರಿಗೂ ಗೊತ್ತಿದ್ದ ಮೂರು ಗೇರಿನ ಬಾಕ್ಸ್, ನಾಲ್ಕು ಚಕ್ರಕ್ಕೂ ಬ್ರೇಕ್, 40 ಅಶ್ವಶಕ್ತಿ.

ಈಗ ತೋಟದ ಮನೆಯ ಕಾರು. ಮೊದಲ ದಿನವೇ ಹ್ಯಾಂಡಲ್ ಹೊಡೆಯಲು ಹೋಗಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ ಸಿಲಿಂಡರಿಗೆ ತೆಳು ಎಣ್ಣೆ ಬಿಟ್ಟು ಒಂದೆರಡು ದಿನ ಬಿಡಿ. ಆಮೇಲೆ ಹ್ಯಾಂಡಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ, ಬಿಗಿಯಾಗಿದ್ದರೆ ಬಲ ಹಾಕಬೇಡಿ. ಪ್ಲಗ್ಗಿನ ಥ್ರೆಡ್ ಅರ್ಧ ಅಂಗುಲದ ಓರೆ ಪೈಪ್ ಥ್ರೆಡ್, ಈಗಿನ ಪ್ಲಗ್ ಕೂರುವುದಿಲ್ಲ. ಹಳೆಯವನ್ನು ಒಡೆಯದಂತೆ ಬಿಚ್ಚಿ, ಶುಚಿ ಮಾಡಿ ಇಟ್ಟುಕೊಳ್ಳಿ.

ಹಳೆ ಎಣ್ಣೆ ಬಸಿದು ಸುಮಾರು 3.8 ಲೀಟರ್ ಹೊಸದು ಹಾಕಿ. ಎಂಜಿನ್, ಕ್ಲಚ್, ಗೇರ್ ಎಲ್ಲಕ್ಕೂ ಒಂದೇ ಎಣ್ಣೆ. ಡಿಪ್‌ಸ್ಟಿಕ್ ಇಲ್ಲ. ಕಾರಿನ ಕೆಳಗೆ ಹಿಂಬದಿಯಲ್ಲಿ ಒಂದರ ಮೇಲೊಂದು ಎರಡು ಪುಟ್ಟ ನಲ್ಲಿಗಳಿವೆ. ಕೆಳಗಿನದರಲ್ಲಿ ಎಣ್ಣೆ ಬರಬೇಕು, ಮೇಲಿನದರಲ್ಲಿ ಬರಬಾರದು. ಒಳಗೆ ಮುಂದಿನ ಬೇರಿಂಗಿಗೆ ಎಣ್ಣೆ ಒಯ್ಯುವ ಸಣ್ಣ ಕೊಳವೆಯಿದೆ. ಬ್ಯಾಂಡಿನ ಹತ್ತಿಯ ನೂಲೆಳೆ ಉದುರಿ ಅದು ಕಟ್ಟಿಕೊಂಡರೆ ಮುಂದಿನ ಬೇರಿಂಗ್ ಒಣಗಿ ಕೆಡುತ್ತದೆ. ಉದ್ದನೆಯ ಏರಿನಲ್ಲಂತೂ ಎಣ್ಣೆಯೆಲ್ಲ ಹಿಂದಕ್ಕೆ ಸರಿಯುವುದರಿಂದ ಮುಂದಿನ ಸಿಲಿಂಡರಿಗೆ ಆ ಕೊಳವೆಯೇ ಗತಿ. ಬ್ಯಾಂಡ್ ನೋಡಲು ನೆಲಹಲಗೆ ತೆಗೆದು ಗೇರಿನ ಮುಚ್ಚಳ ಬಿಚ್ಚುವಾಗ ತೆರೆದ ಬಾಯಿಗೆ ಮೊದಲು ಬಟ್ಟೆ ತುರುಕಿ. ಒಂದು ನಟ್ ಒಳಗೆ ಬಿದ್ದರೂ ಮ್ಯಾಗ್ನೆಟೊದೊಳಗೆ ಸಿಕ್ಕಿ ಸುರುಳಿಗಳನ್ನೆಲ್ಲ ಹರಿದುಹಾಕುತ್ತದೆ.

ವಾಟರ್ ಪಂಪ್ ಹುಡುಕಬೇಡಿ. ಮೊದಲ 2,500 ಕಾರುಗಳ ನಂತರ ಅದನ್ನು ಕೈಬಿಟ್ಟರು. ಬಿಸಿನೀರು ಮೇಲೇರಿ, ತಣ್ಣನೆಯದು ಕೆಳಗಿಳಿದು ತಾನಾಗಿ ಸುತ್ತುತ್ತದೆ. ಮೇಲಿನ ಪೈಪಿನ ಬಾಯಿಗಿಂತ ನೀರು ಕೆಳಗಿಳಿದರೆ ಸುತ್ತು ನಿಂತು ಕುದಿಯುತ್ತದೆ. ಕಾರ್ಬೊರೇಟರಿನೊಳಗೆ ತೇಲಿ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಬೆಂಡಿನದಾಗಿದ್ದರೆ (ಎಷ್ಟೋ ಮಾದರಿಗಳಲ್ಲಿ ಹಾಗಿದೆ) ಅದಕ್ಕೆ ಬಳಿದ ಅರಗು ಈಗಿನ ಬಂಕುಗಳ ಎಥನಾಲ್ ಬೆರೆತ ಪೆಟ್ರೋಲಿಗೆ ಕರಗುತ್ತದೆ. ಫ್ಲೋಟ್ ಪೆಟ್ರೋಲ್ ಕುಡಿದು ಮುಳುಗಿ, ಕಾರ್ಬೊರೇಟರ್ ಉಕ್ಕಿ ಹರಿಯುತ್ತದೆ. ಬೆಂಕಿಯ ಅಪಾಯ, ಮೊದಲೇ ಬದಲಿಸಿ.

ಸ್ಟಾರ್ಟ್ ಮಾಡುವಾಗ ಲಿವರ್ ಪೂರ್ತಿ ಹಿಂದಕ್ಕೆ, ಎಡಗಡ್ಡಿ ಪೂರ್ತಿ ಮೇಲಕ್ಕೆ. ಇದನ್ನು ಮರೆತರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಮುಂಗೈ ಮೂಳೆ ಮುರಿಯುತ್ತದೆ. ಬಲಗಡ್ಡಿ ನಾಲ್ಕೈದು ಹಲ್ಲು ಕೆಳಕ್ಕೆ. ಸ್ವಿಚ್ ಆಫ್ ಇಟ್ಟು, ರೇಡಿಯೇಟರ್ ಪಕ್ಕದ ಚೋಕ್ ತಂತಿ ಎಳೆದು ಎರಡು ಮೂರು ಸಲ ಕಾಲು ಸುತ್ತು ಎಳೆಯಿರಿ. ಆಮೇಲೆ ಸ್ವಿಚ್ ಹಾಕಿ ಎಡಗೈಯಿಂದ ಕೆಳಗಿನಿಂದ ಮೇಲಕ್ಕೆ ಮಾತ್ರ ಎಳೆಯಿರಿ, ಹೆಬ್ಬೆರಳು ಬೆರಳುಗಳ ಕಡೆಯೇ ಇರಲಿ. ಒದ್ದರೆ ಹಿಡಿ ತಾನೇ ಬಿಡುತ್ತದೆ. ಎಣ್ಣೆ ತಣ್ಣಗಿದ್ದರೆ ಕ್ಲಚ್ ತಟ್ಟೆಗಳು ಅಂಟಿಕೊಂಡು ಕಾರು ಹ್ಯಾಂಡಲ್ ಹೊಡೆದವನ ಮೇಲೇ ಬರುತ್ತದೆ. ಮುಂದಿನ ಚಕ್ರಗಳಿಗೆ ಅಡ್ಡ ಇಡಿ, ಹಿಂದಿನ ಒಂದು ಚಕ್ರವನ್ನು ಜ್ಯಾಕ್ ಮೇಲೆ ಎತ್ತಿಟ್ಟರೆ ಇನ್ನೂ ಸುಲಭ.

ಎಂಜಿನ್ ಓಡಿತೆಂದು ಕೂಡಲೇ ರಸ್ತೆಗೆ ಇಳಿಸಬೇಡಿ. ಕಾಲಿನ ಬ್ರೇಕ್ ಇರುವುದು ಗೇರ್ ಡ್ರಮ್ಮಿನ ಮೇಲೆ, ಚಕ್ರದಲ್ಲಲ್ಲ. ಹಿಂದಿನ ಆಕ್ಸಲಿನೊಳಗೆ ಗೇರು ಪಕ್ಕಕ್ಕೆ ಸರಿಯದಂತೆ ತಡೆಯುವ, ಬ್ಯಾಬಿಟ್ ಎಂಬ ಮೆತ್ತನೆಯ ಮಿಶ್ರಲೋಹದ ಥ್ರಸ್ಟ್ ವಾಷರುಗಳಿವೆ; ಹಳತಾದ ಮೇಲೆ ಅವು ಪುಡಿಯಾಗುತ್ತವೆ. ಆಗ ಆಕ್ಸಲಿನ ಕ್ರೌನ್ ಗೇರ್ ಸರಿದು, ಅದನ್ನು ತಿರುಗಿಸುವ ಪುಟ್ಟ ಗೇರಾದ ಪಿನಿಯನ್ನಿನಿಂದ ಬಿಟ್ಟುಕೊಳ್ಳುತ್ತದೆ, ಎಳೆತವೂ ಬ್ರೇಕೂ ಒಟ್ಟಿಗೇ ಹೋಗುತ್ತವೆ. ಇಳಿಜಾರಿನಲ್ಲಾದರೆ ಉಳಿಯುವುದು ಕೈ ಲಿವರ್ ಮಾತ್ರ. ಆಕ್ಸಲ್ ಬಿಚ್ಚಿಸಿ, ಕಂಚಿನ ವಾಷರ್ ಹಾಕಿಸಿ. ಮರದ ಕಡ್ಡಿಯ ಚಕ್ರಗಳನ್ನೂ ಅಲುಗಾಡಿಸಿ ನೋಡಿ. ಒಣಹವೆಯಲ್ಲಿ ಕಡ್ಡಿ ಕುಗ್ಗಿ ಸಡಿಲಾಗಿರುತ್ತದೆ, ಕಿರುಗುಟ್ಟಿದರೆ ಅದನ್ನು ನಂಬುವಂತಿಲ್ಲ.

ಭಾಗಗಳ ಚಿಂತೆ ಬೇಡ. ಟಿ ನಿಂತ ಮೇಲೂ ಕಂಪನಿ ಅದರ ಎಂಜಿನ್ನನ್ನು 1941ರವರೆಗೆ ಮಾಡುತ್ತಲೇ ಇತ್ತು, ಇವತ್ತಿಗೂ ಅಮೆರಿಕದಲ್ಲಿ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಅಂಗುಲದ ಸ್ಪ್ಯಾನರ್ ಸೆಟ್ ಇಟ್ಟುಕೊಳ್ಳಿ. ಆರ್ಡರ್ ಮಾಡುವ ಮೊದಲು ಎಂಜಿನ್ನಿನ ಎಡಬದಿಯಲ್ಲಿ, ನೀರು ಒಳಹೋಗುವ ಪೈಪಿನ ಮೇಲ್ಗಡೆ ಕೆತ್ತಿರುವ ಸಂಖ್ಯೆಯನ್ನು ಬರೆದುಕೊಳ್ಳಿ. ತಯಾರಾದ ವರ್ಷ ಅದರಿಂದಲೇ ಗೊತ್ತಾಗುತ್ತದೆ. ಬ್ರಿಟಿಷ್ ಆಳ್ವಿಕೆಯ ಭಾರತಕ್ಕೆ ಫೋರ್ಡ್ ಕಾರು ಬರುತ್ತಿದ್ದುದು ಡೆಟ್ರಾಯಿಟಿನ ಎದುರು ದಂಡೆಯಲ್ಲಿದ್ದ ಕೆನಡಾದ ಕಂಪನಿಯಿಂದ, ಸ್ಟೇರಿಂಗ್ ಬಲಕ್ಕೆ ಹಾಕಿ. ಸಂಖ್ಯೆಯ ಮುಂದೆ ಸಿ ಅಕ್ಷರವಿದ್ದರೆ ಅದು ಕೆನಡಾದ್ದು, ಅಮೆರಿಕದ ಸಂಖ್ಯೆಗಳ ಪಟ್ಟಿಗೆ ಅದನ್ನು ಹೋಲಿಸಬೇಡಿ.