ಸೌತ್‌ಲ್ಯಾಂಡ್‌ಗೆ ಗಾಳ ಹಿಡಿದು ಬರುವವರಿಗೆ

ನಮಸ್ಕಾರ. ಬರುವ ಆಗಸ್ಟ್‌ನಲ್ಲಿ ಕೆಲಸದ ಮೇಲೆ ನ್ಯೂಜಿಲೆಂಡ್‌ನ ದಕ್ಷಿಣ ತುದಿಯ ಸೌತ್‌ಲ್ಯಾಂಡ್ ಪ್ರಾಂತ್ಯದ ಇನ್ವರ್‌ಕಾರ್ಗಿಲ್‌ಗೆ ಬರುತ್ತಿರುವುದಾಗಿಯೂ, ಚಿಕ್ಕಂದಿನಿಂದ ಹೊಳೆಯಲ್ಲಿ ಗಾಳ ಹಾಕಿ ಬೆಳೆದವರಾದ್ದರಿಂದ ಇಲ್ಲಿ ಫ್ಲೈ (ಕೊಕ್ಕೆಗೆ ಗರಿ, ತುಪ್ಪಳ ಸುತ್ತಿ ಮಾಡುವ ಹುಸಿ ಹುಳು) ಕಟ್ಟಿ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯುವುದನ್ನು ಸರಿಯಾಗಿ ಕಲಿಯಬೇಕೆಂದಿರುವುದಾಗಿಯೂ ಬರೆದಿದ್ದೀರಿ. ಲೈಸೆನ್ಸ್ ಬೇಕೇ, ಮನೆಯಲ್ಲಿರುವ ನವಿಲುಗರಿ ಮತ್ತು ಹುಂಜದ ಗರಿಗಳನ್ನು ತರಬಹುದೇ, ಹಿಮಾಚಲದ ತೀರ್ಥನ್ ಕಣಿವೆಗೆ ಹೋದಾಗ ಕೊಂಡ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ತಳದ ಬೂಟು ಇಲ್ಲಿಗೂ ಆದೀತೇ ಎಂದು ಕೇಳಿದ್ದೀರಿ. ಮೊದಲೆರಡಕ್ಕೆ ಉತ್ತರ ಚಿಕ್ಕದು. ಬೂಟಿನ ಪ್ರಶ್ನೆಗೆ ಮಾತ್ರ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಲೈಸೆನ್ಸ್ ಬೇಕೇ ಬೇಕು. ಫಿಶ್ ಅಂಡ್ ಗೇಮ್ ಸಂಸ್ಥೆ ಕೊಡುವ ಲೈಸೆನ್ಸಿನ ವರ್ಷ ಅಕ್ಟೋಬರ್ 1ಕ್ಕೆ ಆರಂಭವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ನಿವಾಸಿಗಳಿಗೂ ಹೊರಗಿನವರಿಗೂ ಶುಲ್ಕ ಬೇರೆ ಬೇರೆ. ಉತ್ತರ ದ್ವೀಪದ ಟೌಪೊ ಪ್ರದೇಶಕ್ಕೆ ಮಾತ್ರ ಪ್ರತ್ಯೇಕ ಲೈಸೆನ್ಸ್ ಇದೆ. ಒಂದೇ ಹೊಳೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಿಯಮಗಳು ಬೇರೆಯಾಗಿರಬಹುದಾದ್ದರಿಂದ, ಆ ವರ್ಷದ ನಿಯಮಪುಸ್ತಕವನ್ನು ಓದದೆ ನೀರಿಗೆ ಇಳಿಯಬೇಡಿ. ಹೊಲಗಳ ನಡುವೆ ಹಾದುಹೋಗಬೇಕಾದಲ್ಲಿ ರೈತರನ್ನು ಕೇಳಿಯೇ ಹೋಗಿ; ಗೇಟು ಮುಚ್ಚಿದ್ದರೆ ಮುಚ್ಚಿಯೇ, ತೆರೆದಿದ್ದರೆ ತೆರೆದೇ ಬಿಟ್ಟು ಬನ್ನಿ.

ನವಿಲುಗರಿಯನ್ನು ಮನೆಯಲ್ಲೇ ಬಿಡಿ. ತಾನಾಗಿ ಉದುರಿದ ಗರಿಯೇ ಆದರೂ ಅದನ್ನು ಭಾರತದಿಂದ ಹೊರಗೆ ಸಾಗಿಸುವುದಕ್ಕೆ ನಿಷೇಧವಿದೆ. ಹುಂಜದ ಗರಿಯ ವಿಷಯದಲ್ಲಿ, ನ್ಯೂಜಿಲೆಂಡ್‌ನ ವಿಮಾನ ನಿಲ್ದಾಣದಲ್ಲಿ ಕೊಡುವ ಘೋಷಣೆಯಲ್ಲಿ ಪ್ರಾಣಿಜನ್ಯ ವಸ್ತುಗಳನ್ನೂ, ಬಳಸಿದ ಮೀನುಗಾರಿಕೆಯ ಸಾಮಾನುಗಳನ್ನೂ ತಿಳಿಸಲೇಬೇಕು. ಅಪಾಯದ ವಸ್ತುವನ್ನು ಘೋಷಿಸದಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ ಬೀಳುತ್ತದೆ. ಬೇಕಾದ ಗರಿ, ತುಪ್ಪಳ, ದಾರ ಎಲ್ಲವೂ ಇಲ್ಲಿಯೇ ಸಿಗುತ್ತವೆ.

ನೀವು ಆಗಸ್ಟ್‌ನಲ್ಲಿ ಬರುವುದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಸೌತ್‌ಲ್ಯಾಂಡ್‌ನ ಹೆಚ್ಚಿನ ಹೊಳೆಗಳಲ್ಲಿ ಮೀನುಗಾರಿಕೆ ಆರಂಭವಾಗುವುದೇ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗಿನ ಚಳಿಯ ಸಂಜೆಗಳನ್ನು ಫ್ಲೈ ಕಟ್ಟಲು ಬಳಸಿಕೊಳ್ಳಿ. ಹತ್ತು ಬಗೆಯವನ್ನು ಅರೆಬರೆ ಕಲಿಯುವ ಬದಲು ಹೇರ್ ಅಂಡ್ ಕಾಪರ್ ಎಂಬ ಇಲ್ಲಿನ ಹಳೆಯ ನಿಂಫ್ (ನೀರಿನಡಿಯ ಕೀಟದ ಮರಿಯನ್ನು ಹೋಲುವ ಫ್ಲೈ) ಒಂದನ್ನೇ ಚೆನ್ನಾಗಿ ಕಲಿಯಿರಿ. 14ನೇ ನಂಬರಿನ ಕೊಕ್ಕೆಯನ್ನು ವೈಸ್‌ಗೆ (ಕೊಕ್ಕೆಯನ್ನು ಬಿಗಿಯಾಗಿ ಹಿಡಿಯುವ ಉಪಕರಣ) ಸಿಕ್ಕಿಸಿ, ದಾರವನ್ನು ಕೊಕ್ಕೆಯ ಕಣ್ಣಿನ ಹಿಂದಿನಿಂದ ಬಾಗಿನವರೆಗೆ ಒತ್ತೊತ್ತಾಗಿ ಸುತ್ತಿ, ಅಲ್ಲಿ ಬಾಲಕ್ಕೆಂದು ಮೊಲದ ನಾಲ್ಕಾರು ಗಡುಸು ಕೂದಲನ್ನೂ ಒಂದು ತುಂಡು ತಾಮ್ರದ ತಂತಿಯನ್ನೂ ಬಿಗಿದು, ಮೊಲದ ತುಪ್ಪಳವನ್ನು ದಾರಕ್ಕೆ ತೆಳ್ಳಗೆ ಹೊಸೆದು ಮೈ ಕಟ್ಟಬೇಕು. ಆಮೇಲೆ ತಂತಿಯನ್ನು ಅಂತರ ಬಿಟ್ಟು ಮುಂದಕ್ಕೆ ಸುತ್ತಿ, ಎದೆಯ ಭಾಗವನ್ನು ತುಸು ದಪ್ಪ ಮಾಡಿ, ಗಂಟು ಹಾಕಿದ ನಂತರ ಸೂಜಿಯ ತುದಿಯಿಂದ ಆ ಭಾಗದ ಕೂದಲನ್ನು ಕೆದರಬೇಕು. ಕೆದರಿದ ಕೂದಲು ನೀರಿನಲ್ಲಿ ಕಾಲುಗಳ ಹಾಗೆ ಅಲುಗಾಡುತ್ತದೆ. ಹೊಸಬರು ಮೈಯನ್ನು ಬಹಳ ದಪ್ಪ ಕಟ್ಟುತ್ತಾರೆ, ತೆಳ್ಳಗಿರಲಿ. ಅಂದವಾಗಿ ಕಾಣಬೇಕೆಂದು ಕೂದಲನ್ನು ಕತ್ತರಿಸಿ ನುಣುಪು ಮಾಡಲು ಹೋಗಬೇಡಿ.

ಇದು ಏಕೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ಹೊಳೆಯೊಳಗಿನ ಒಂದು ಕಲ್ಲನ್ನು ಎತ್ತಿ ತಿರುಗಿಸಿ ನೋಡಿದರೆ ಸಾಕು. ಮೂರು ಬಾಲದ, ಚಪ್ಪಟೆ ಮೈಯ ಕಂದು ಹುಳುಗಳು ಬೆಳಕಿಗೆ ಬೆದರಿ ಕಲ್ಲಿನ ಇನ್ನೊಂದು ಮಗ್ಗುಲಿಗೆ ಸರಸರನೆ ಓಡುತ್ತವೆ. ಅವು ಡೆಲಿಯಾಟಿಡಿಯಂ ಎಂಬ ಮೇಫ್ಲೈಯ, ಅಂದರೆ ನೀರಿನಲ್ಲಿ ಬೆಳೆದು ರೆಕ್ಕೆ ಬಂದ ಮೇಲೆ ಹಾರುವ ಕೀಟದ, ಮರಿಗಳು. ಕಲ್ಲಿನ ಮೇಲಿನ ತೆಳುವಾದ ಪಾಚಿಯನ್ನು ಕೆರೆದು ತಿಂದು ಬದುಕುತ್ತವೆ. ಇಲ್ಲಿನ ಬ್ರೌನ್ ಟ್ರೌಟ್‌ಗೆ ಅವು ಮುಖ್ಯ ಆಹಾರ. ಮಟೌರಾ ಹೊಳೆಗೆ ಇಷ್ಟು ದೊಡ್ಡ ಹೆಸರು ಬಂದಿರುವುದಕ್ಕೆ ಈ ಮೇಫ್ಲೈಗಳು ರೆಕ್ಕೆ ಬಿಚ್ಚಿ ಮೇಲೇಳುವಾಗ ಮೀನುಗಳು ಸಾಲುಸಾಲಾಗಿ ಬಾಯಿ ತೆರೆಯುವುದೇ ಕಾರಣ. ಹೊಳೆಯ ಕಲ್ಲು ಶುಚಿಯಾಗಿದ್ದರೆ ಹುಳು, ಹುಳುವಿದ್ದರೆ ಮೀನು.

ಈಗ ಬೂಟಿನ ಮಾತಿಗೆ ಬರುತ್ತೇನೆ. ನಾನು 2001ರಲ್ಲಿ ಇಲ್ಲಿಗೆ ಬಂದಾಗ ಸೌತ್‌ಲ್ಯಾಂಡ್‌ನ ವಾಯಾವು ನದಿಯ ಕೆಳಹರಿವಿನಲ್ಲಿ ತಳದ ಕಲ್ಲುಗಳನ್ನು ಸೊಂಟದ ಆಳದ ನೀರಿನಲ್ಲಿ ನಿಂತು ಒಂದೊಂದಾಗಿ ಎಣಿಸಬಹುದಾಗಿತ್ತು. ಅಪ್ಪನಿಗೆ ಬರೆದ ಪತ್ರಗಳಲ್ಲೆಲ್ಲ ಅದರದೇ ವರ್ಣನೆ. 2004ರಲ್ಲಿ ಅದೇ ನದಿಯಲ್ಲಿ ಡಿಡಿಮೊ ಎಂಬ ಪಾಚಿ ಪತ್ತೆಯಾಯಿತು. ದಕ್ಷಿಣಾರ್ಧ ಗೋಳದಲ್ಲಿ ಅದರ ಹಾವಳಿ ಮೊದಲು ಕಂಡದ್ದು ಅಲ್ಲಿಯೇ. ಅದು ಬರಿಗಣ್ಣಿಗೆ ಕಾಣದ ಏಕಕೋಶ ಜೀವಿ. ಆದರೆ ಕಲ್ಲಿಗೆ ಅಂಟಿಕೊಂಡು ತೊಟ್ಟು ಬೆಳೆಸಲು ತೊಡಗಿತೆಂದರೆ ಕೆಲವೇ ಸಮಯದಲ್ಲಿ ಇಡೀ ತಳವನ್ನು ಕಂದು ಬಣ್ಣದ ದಪ್ಪ ಪದರವಾಗಿ ಮುಚ್ಚಿಬಿಡುತ್ತದೆ. ಲೋಳೆಯಂತೆ ಕಾಣುತ್ತದೆ, ಮುಟ್ಟಿದರೆ ಒದ್ದೆ ಹತ್ತಿಯ ಹಾಗೆ ಒರಟು. ಆ ಪದರದಡಿ ಮೇಫ್ಲೈ ಮರಿಗಳ ಜಾಗವನ್ನು ಮಿಡ್ಜ್ ಎಂಬ ಪುಟ್ಟ ನೊಣದ ಮರಿಗಳೂ ಸಣ್ಣ ಹುಳುಗಳೂ ಆಕ್ರಮಿಸಿಕೊಳ್ಳುತ್ತವೆ.

ಅಪ್ಪ ಇಲ್ಲಿಗೆ ಬರಲು ಆದದ್ದು 2007ರಲ್ಲಿ. ದಡದಲ್ಲಿ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ನೀರಿಗಿಳಿದವರು ಒಂದು ಕಲ್ಲನ್ನು ಎತ್ತಿ ನೋಡಿದರು. “ನೀನು ಬರೆದ ಹೊಳೆ ಇದೇನಾ?” ಎಂದರು. ಅದೇ ಎಂದೆ. ಅವರು ಮತ್ತೆ ಏನೂ ಕೇಳಲಿಲ್ಲ. ಆ ಕಲ್ಲನ್ನು ಇದ್ದ ಜಾಗದಲ್ಲೇ ಇಟ್ಟು ಮೇಲೆ ಬಂದರು. ಮಳೆ ಜೋರಾಗಿ ಪ್ರವಾಹ ಬಂದು ಪದರ ಕಿತ್ತುಹೋಗಿ ತಳ ಕಾಣುವ ದಿನಗಳೂ ಇವೆ, ಅಂಥ ದಿನಗಳಲ್ಲಿ ನಾನು ಈಗಲೂ ಅಲ್ಲಿಗೆ ಹೋಗುತ್ತೇನೆ. ಆದರೆ ಅಪ್ಪ ಕಂಡದ್ದು ಆ ಒಂದು ದಿನದ ಹೊಳೆಯನ್ನು ಮಾತ್ರ. ಅವರಿಗೆ ಮತ್ತೊಮ್ಮೆ ಬರಲಾಗಲಿಲ್ಲ ಎಂಬುದು ಇಂದಿಗೂ ಮನಸ್ಸಿನಿಂದ ಹೋಗಿಲ್ಲ.

ಡಿಡಿಮೊ ಒಂದು ಹನಿ ನೀರಿನಲ್ಲೂ ಹರಡಬಲ್ಲದು. ಫೆಲ್ಟ್ ತಳ ಆ ನೀರನ್ನು ಹೀರಿಕೊಂಡು ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ಒಳಗನ್ನು ಶುಚಿ ಮಾಡುವುದು ಕಷ್ಟ. ಈ ಕಾರಣಕ್ಕಾಗಿಯೇ ಇಲ್ಲಿ ಸಿಹಿನೀರಿನ ಮೀನುಗಾರಿಕೆಯಲ್ಲಿ ಫೆಲ್ಟ್ ತಳದ ಬೂಟನ್ನು 2008ರಲ್ಲಿ ನಿಷೇಧಿಸಿದರು. ನಿಮ್ಮ ಬೂಟು ಎಷ್ಟು ಹೊಸದಾಗಿದ್ದರೂ, ಎಷ್ಟು ತೊಳೆದಿದ್ದರೂ ಇಲ್ಲಿಗೆ ನಡೆಯುವುದಿಲ್ಲ. ರಬ್ಬರ್ ತಳದ್ದನ್ನು ಇಲ್ಲಿಯೇ ಕೊಳ್ಳಿ. ಫೆಲ್ಟ್‌ಗಿಂತ ಅದು ಸ್ವಲ್ಪ ಜಾರುತ್ತದೆ ಎಂಬುದು ನಿಜ, ಆದ್ದರಿಂದ ಕೈಯಲ್ಲಿ ಒಂದು ಕೋಲು ಇರಲಿ, ಮತ್ತು ಮೊದಲ ವರ್ಷ ಒಬ್ಬರೇ ಹೊಳೆ ದಾಟಬೇಡಿ.

ರಬ್ಬರ್ ತಳವಿದ್ದರೂ ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಮೂರು ಕೆಲಸ ಮಾಡಬೇಕು. ಅಂಟಿದ ಪಾಚಿ, ಕೆಸರು ಏನೇ ಇದ್ದರೂ ಕಿತ್ತು ಆ ದಡದಲ್ಲೇ ಬಿಡಬೇಕು. 500 ಮಿಲಿಲೀಟರ್ ಪಾತ್ರೆ ತೊಳೆಯುವ ಸೋಪಿಗೆ ನೀರು ಸೇರಿಸಿ 10 ಲೀಟರ್ ಮಾಡಿಕೊಂಡು, ಬೂಟು, ವೇಡರ್ಸ್ (ನೀರಿಗಿಳಿಯಲು ತೊಡುವ ಜಲನಿರೋಧಕ ಉಡುಪು), ಬಲೆಗಳನ್ನು ಅದರಲ್ಲಿ ಕನಿಷ್ಠ 1 ನಿಮಿಷ ನೆನೆಸಿ ಉಜ್ಜಬೇಕು. ನೀರು ಹೀರುವ ಬಟ್ಟೆ, ಲೇಸುಗಳಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ತೊಳೆಯಲಾಗದಿದ್ದರೆ ಒಳಗೂ ಹೊರಗೂ ಪೂರ್ತಿ ಒಣಗಿಸಿ, ಒಣಗಿದ ಮೇಲೂ 48 ಗಂಟೆ ಬಿಡಬೇಕು. ಸೋಪಿನ ನೀರನ್ನು ಹೊಳೆಗೆ ಚೆಲ್ಲಬೇಡಿ. ಗೊತ್ತಿದ್ದೂ ಡಿಡಿಮೊ ಹರಡಿದವರಿಗೆ 5 ವರ್ಷದವರೆಗೆ ಸೆರೆ, 1,00,000 ಡಾಲರ್‌ವರೆಗೆ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಉತ್ತರ ದ್ವೀಪದ ಹೊಳೆಗಳಲ್ಲಿ ಅದು ಇನ್ನೂ ನೆಲೆಯೂರಿಲ್ಲ. ಎರಡು ದ್ವೀಪಗಳ ನಡುವಿನ ಕುಕ್ ಜಲಸಂಧಿ ದಾಟಿ ಅಲ್ಲಿನ ಟೊಂಗರಿರೊ ನದಿಗೆ ಹೋಗುವ ಆಸೆ ನಿಮಗೂ ಬಂದೇ ಬರುತ್ತದೆ. ಆಗ ಈ ಕೆಲಸವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಮಾಡಿ. ಇಲ್ಲಿನ ಹೊಳೆಗಳನ್ನು ಇಷ್ಟು ಜತನದಿಂದ ನೋಡಿಕೊಳ್ಳುವವರಲ್ಲಿ ನಮ್ಮವರೂ ಕೆಲವರಿದ್ದಾರೆ ಎಂಬುದು ನನಗೆ ಹೆಮ್ಮೆಯ ವಿಷಯ.

ಹಿಡಿದ ಮೀನಿನ ಬಗ್ಗೆಯೂ ಒಂದು ಮಾತು. ಟ್ರೌಟ್ ಅನ್ನು ಇಲ್ಲಿ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಮನೆಗೆ ತರಬಹುದು, ಸ್ನೇಹಿತರಿಗೆ ಸುಮ್ಮನೆ ಕೊಡಬಹುದು. ಬಿಡುವುದಾದರೆ ಕೈಯನ್ನು ಮೊದಲು ನೀರಿನಲ್ಲಿ ಅದ್ದಿಕೊಳ್ಳಿ, ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟುಕೊಂಡಿದ್ದರೆ ಬಿಡಿಸುವುದು ಸುಲಭ. ಫೋಟೊಕ್ಕಾಗಿ ಮೀನನ್ನು ನೀರಿನಿಂದ ಹೊರಗೆ ಹಿಡಿದು ನಿಲ್ಲಬೇಡಿ.

ವೈಸ್, ಕತ್ತರಿ, ದಾರದ ಬಾಬಿನ್ ನನ್ನಲ್ಲಿ ಹೆಚ್ಚುವರಿ ಇವೆ, ಅವನ್ನು ಕೊಳ್ಳಲು ಹೋಗಬೇಡಿ. ಬಂದಿಳಿದು ಮನೆ ಹೊಂದಿಸಿಕೊಂಡ ಮೇಲೆ ತಿಳಿಸಿ. ಅಕ್ಟೋಬರ್ ಮೊದಲ ವಾರ, ಗಾಳಿ ಕಡಿಮೆ ಇರುವ ದಿನ ನೋಡಿಕೊಂಡು, ಮಟೌರಾಕ್ಕೆ ಒಟ್ಟಿಗೆ ಹೋಗೋಣ. ಸೋಪಿನ ನೀರಿನ ಬಕೆಟ್ ನನ್ನ ಕಾರಿನಲ್ಲಿ ಸದಾ ಇರುತ್ತದೆ.